ಆರು ಕಣ್ಣು ಮತ್ತು ಒಂದು ಡಬ್ಬಿ ಕಾಡಿಗೆ

ನನ್ನ ಚಿತ್ರವೊಂದು ಮ್ಯೂಸಿಯಂನಲ್ಲಿದೆ. ಈ ಮಾತನ್ನು ನಾನು ಮೂರು ವರ್ಷಗಳಿಂದ ಹೇಳಿಕೊಂಡು ತಿರುಗುತ್ತಿದ್ದೇನೆ. ಮದುವೆ ಮನೆಯ ಪಂಕ್ತಿಯಲ್ಲಿ ಹೇಳಿದ್ದೇನೆ, ಹಿಟ್ಟಿನ ಗಿರಣಿಯ ಸಾಲಿನಲ್ಲಿ ನಿಂತು ಹೇಳಿದ್ದೇನೆ, ಹಲ್ಲು ಕೀಳಿಸಿಕೊಳ್ಳಲು ಕುಳಿತಾಗ ಬಾಯಿ ಮರಗಟ್ಟುವ ಮೊದಲು ಡಾಕ್ಟರಿಗೂ ಹೇಳಿದ್ದೇನೆ. ಹೇಳದೆ ಉಳಿಸಿಕೊಂಡಿದ್ದು ಒಂದೇ ಒಂದು ವಿಷಯ.

ಆ ಚಿತ್ರಕ್ಕೆ ಕಣ್ಣಿರಲಿಲ್ಲ.

ನಗುವ ಮೊದಲು ಪೂರ್ತಿ ಕೇಳಿ. ನಾನು ಚಿತ್ರ ಬರೆಯುವುದನ್ನು ಕಲಿತದ್ದು ಮುರಗೋಡದ ನನ್ನ ಸೋದರಮಾವನಿಂದ. ಮಾವ ಮದುವೆ ಮನೆಯ ಗೋಡೆಗೆ ಆನೆ, ಟ್ರಾಲಿಯ ಹಿಂದೆ ಎತ್ತು, ಅಂಗಡಿಯ ಬೋರ್ಡಿಗೆ ಲಕ್ಷ್ಮಿ ಬರೆಯುತ್ತಿದ್ದ. ಅವನ ಪದ್ಧತಿ ಒಂದಿತ್ತು. ದೇವರಿರಲಿ, ಎತ್ತಿರಲಿ, ಕಣ್ಣು ಕೊನೆಗೆ. ಅದೂ ಸೋಮವಾರ ಬೆಳಿಗ್ಗೆ, ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಚಿತ್ರದ ಮುಂದೆ ಕಾಯಿ ಒಡೆದ ಮೇಲೆ. ಕಣ್ಣು ಬರೆದ ಕೂಡಲೇ ಚಿತ್ರ ನಮ್ಮನ್ನು ನೋಡಲು ಶುರು ಮಾಡುತ್ತದೆ, ಅಲ್ಲಿಯವರೆಗೆ ನಾವು ಅದನ್ನು ನೋಡುತ್ತಿರುತ್ತೇವೆ ಅನ್ನುವುದು ಅವನ ಲೆಕ್ಕ. ನಾನೂ ಹಾಗೇ ನಡೆದುಕೊಂಡು ಬಂದವಳು.

ಮೂರು ವರ್ಷದ ಹಿಂದೆ ರಾಮದುರ್ಗದಲ್ಲಿ ಕೆಲವು ಕಲಾಪ್ರೇಮಿಗಳು ಸೇರಿ ಒಂದು ಚಿತ್ರಶಾಲೆ ತೆರೆದರು. ಸುತ್ತಲಿನ ಊರಿನವರಿಂದ ಚಿತ್ರ ಕೇಳಿದರು. ನಾನು ದೊಡ್ಡ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಒಂದು ಜೋಡಿ ಎತ್ತು, ಅವುಗಳ ಮುಂದೆ ಆರತಿ ಹಿಡಿದ ಒಬ್ಬ ಹೆಂಗಸನ್ನು ಬರೆದೆ. ಆರು ಕಣ್ಣು ಸೋಮವಾರಕ್ಕೆ ಉಳಿದವು. ಭಾನುವಾರ ನಾನು ತವರು ಮುರಗೋಡಕ್ಕೆ, ಅಣ್ಣನ ಮಗಳ ಕುಬುಸಕ್ಕೆ ಹೋದೆ. ಬಸುರಿಗೆ ಸೀರೆ ಉಡಿಸಿ, ಬಳೆ ತೊಡಿಸಿ, ಹೋಳಿಗೆ ಉಂಡು ಸಂಜೆ ಬಂದರೆ ಗೋಡೆ ಖಾಲಿ.

"ರಾಮದುರ್ಗದವರು ಗಾಡಿ ತಗೊಂಡ ಬಂದಿದ್ರು. ಕೊಟ್ಟ ಕಳಿಸಿದೆ" ಎಂದರು ನನ್ನ ಯಜಮಾನರು. ಅವರಿಗೆ ಬೈಲಹೊಂಗಲ ಬಜಾರಿನಲ್ಲಿ ಗೊಬ್ಬರದ ಅಂಗಡಿಯಿದೆ. ಗಾಡಿ ಬಂತೆಂದರೆ ಮಾಲು ಏರಿಸಿ ಕಳಿಸುವುದು ಅವರ ರಕ್ತದಲ್ಲಿದೆ.

"ಕಣ್ಣ ಇರಲಿಲ್ಲಲ್ರೀ ಅದಕ್ಕ."

"ಯಾರಿಗೆ?"

"ಎತ್ತಿಗೆ. ಆ ಹೆಣ್ಮಗಳಿಗೆ."

ಯಜಮಾನರು ಸ್ವಲ್ಪ ಯೋಚಿಸಿದರು. "ನನಗೇನೂ ಕಮ್ಮಿ ಅನಸ್ಲಿಲ್ಲ ನೋಡ" ಎಂದರು.

ಹೋಗಿ ಬರೆದು ಬಂದರಾಯಿತು, ಹತ್ತು ನಿಮಿಷದ ಕೆಲಸ ಎಂದುಕೊಂಡೆ. ಹತ್ತು ನಿಮಿಷದ ಕೆಲಸಕ್ಕೆ ಯಾವತ್ತೂ ಪುರಸೊತ್ತು ಸಿಗುವುದಿಲ್ಲ. ಆ ವಾರ ಮನೆಗೆ ಬೀಗರು ಬಂದರು, ಮುಂದಿನ ವಾರ ನನ್ನ ಮೊಣಕಾಲು ಹಿಡಿಯಿತು, ಹಾಗೇ ಮೂರು ವರ್ಷ ಕಳೆಯಿತು. ಮ್ಯೂಸಿಯಂನಲ್ಲಿ ಚಿತ್ರ ಇದೆ ಎಂದು ಹೇಳಲು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಹೀಗೆ ಸುಖವಾಗಿ ಬದುಕಿರುವಾಗ ಕಸ್ತೂರಿ ಫೋನ್ ಮಾಡಿದಳು.

ಕಸ್ತೂರಿ ನನ್ನ ಗೆಳತಿ, ನನ್ನಂತೆಯೇ ಚಿತ್ರಗಾರ್ತಿ. ಆದರೆ ಅವಳದು ಭಾವಚಿತ್ರ. ತೀರಿಹೋದವರ ಸಣ್ಣ ಫೋಟೋ ತಂದುಕೊಟ್ಟರೆ ಗೋಡೆಯಷ್ಟು ದೊಡ್ಡದು ಮಾಡಿ ಬರೆದುಕೊಡುತ್ತಾಳೆ. ಅವಳ ಹೆಸರು ನಿಂತಿರುವುದೇ ಕಣ್ಣಿನ ಮೇಲೆ. ಸತ್ತ ಅತ್ತೆ ಗೋಡೆಯ ಮೇಲಿಂದ ಸೊಸೆಯ ಬೆನ್ನನ್ನೇ ನೋಡುತ್ತಿರಬೇಕು, ಹಾಗೆ ಬರೆಯುತ್ತಾಳೆ. ಒಬ್ಬ ಸೊಸೆ ಅಡುಗೆಮನೆಯ ಬಾಗಿಲಿಗೆ ಪರದೆ ಹಾಕಿಸಿಕೊಂಡಿದ್ದು ನನಗೇ ಗೊತ್ತು. ಇನ್ನು ಅವಳ ನಾಲಿಗೆ ಕುಂಚಕ್ಕಿಂತ ಹರಿತ. ಯಾರ ಚಿತ್ರ ನೋಡಿದರೂ ಮೊದಲು ತಪ್ಪು ಹುಡುಕುತ್ತಾಳೆ, ಆಮೇಲೆ ಅದನ್ನು ನಮ್ಮ 'ಕುಂಚ ಬಳಗ' ವಾಟ್ಸಾಪ್ ಗುಂಪಿಗೆ ಹಾಕುತ್ತಾಳೆ.

"ಗಿರಿಜಾ, ಶನಿವಾರ ಖಾಲಿ ಇಟ್ಗೋ" ಎಂದಳು. "ನಮ್ಮ ಸುತ್ತ ಇಷ್ಟ ಮ್ಯೂಸಿಯಂ ಅದಾವು, ಒಂದೂ ನೋಡಿಲ್ಲ ನಾವು. ಕಿತ್ತೂರು, ಸವದತ್ತಿ, ರಾಮದುರ್ಗ. ನಮ್ಮ ಕಾರಿನಾಗ ಹೋಗೂಣು. ಕಡೀಕ ನಿನ್ನ ಚಿತ್ರ ನೋಡೂಣು. ಮೂರು ವರ್ಷಾತು ಕೇಳಾಕತ್ತು, ಕಿವಿ ತೂತು ಬಿದ್ದಾವು. ಕಣ್ಣಿಲೆ ಒಮ್ಮೆ ನೋಡ್ತೇನಿ."

ಒಲ್ಲೆ ಎನ್ನುವ ಹಾಗಿರಲಿಲ್ಲ. ಕಸ್ತೂರಿ ಆ ಚಿತ್ರವನ್ನು ಹಾಗೇ ನೋಡಿದರೆ ನನ್ನ ಮೂರು ವರ್ಷದ ಮಾನ ಅರ್ಧ ತಾಸಿನಲ್ಲಿ ಬಜಾರಿಗೆ ಬರುತ್ತದೆ. ಹಾಗಾಗಿ ಯೋಜನೆ ಮಾಡಿದೆ. ರಾಮದುರ್ಗ ಕೊನೆಯ ಊರು. ಅಲ್ಲಿ ಅವಳನ್ನು ಏನಾದರೂ ನೆಪ ಹೇಳಿ ಅತ್ತ ಕಳಿಸುವುದು, ಇತ್ತ ಆರು ಕಣ್ಣು ಬರೆಯುವುದು. ಒಂದು ಸಣ್ಣ ಕುಂಚ ಮತ್ತು ಕರಿಬಣ್ಣದ ಟ್ಯೂಬನ್ನು ಬುತ್ತಿಯ ಚೀಲದಲ್ಲಿ ರೊಟ್ಟಿ ಗಂಟಿನ ಪಕ್ಕಕ್ಕೆ, ಶೇಂಗಾ ಚಟ್ನಿಯ ಡಬ್ಬಿಯ ಮೇಲೆ ಇಟ್ಟೆ. ಶನಿವಾರ ಬೆಳಿಗ್ಗೆ ಜಳಕ ಮಾಡಿ ವಿಭೂತಿ ಹಚ್ಚಿಕೊಂಡೆ. ಸೋಮವಾರ ಅಲ್ಲದಿದ್ದರೂ ಮಾವ ಮೇಲಿಂದ ಸ್ವಲ್ಪ ಹೊಂದಿಸಿಕೊಳ್ಳಲಿ ಎಂದು ಬೇಡಿಕೊಂಡೆ.

ಕಸ್ತೂರಿ ಕಾರು ಕಲಿತು ಬಹಳ ದಿನವಾಗಿರಲಿಲ್ಲ. ಮೂರನೇ ಗೇರಿನವರೆಗೆ ಮಾತ್ರ ಅವಳಿಗೆ ನಂಬಿಕೆ. ಕಿತ್ತೂರಿನ ದಾರಿಯಲ್ಲಿ ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಹೊರಟಿದ್ದ ಕಬ್ಬಿನ ಟ್ರಾಲಿಯೊಂದು ಮುಂದೆ ಸಿಕ್ಕಿತು. ಟ್ರಾಲಿಯ ಹಿಂದೆ ಯಾರೋ ಎರಡು ಎತ್ತು ಬರೆದಿದ್ದರು. ಟ್ರಾಲಿಯನ್ನು ಹಿಂದೆ ಹಾಕುವ ಧೈರ್ಯ ಕಸ್ತೂರಿಗಿಲ್ಲ. ಹೀಗಾಗಿ ದಾರಿಯುದ್ದಕ್ಕೂ ಆ ಎತ್ತುಗಳು ನಮ್ಮನ್ನು ನೋಡುತ್ತಾ ಹೋದವು, ನಾವು ಅವುಗಳನ್ನು ನೋಡುತ್ತಾ ಹೋದೆವು.

"ಟ್ರಾಲಿ ಎತ್ತಿಗೂ ಎಷ್ಟ ಚಂದ ಕಣ್ಣ ಬರದಾರ ನೋಡ" ಎಂದಳು ಕಸ್ತೂರಿ.

ನಾನು ಕಿಟಕಿಯ ಹೊರಗೆ ಕಬ್ಬು ನೋಡಿದೆ.

ಕಿತ್ತೂರಿನ ಮ್ಯೂಸಿಯಂನಲ್ಲಿ ಕಸ್ತೂರಿ ಕೆತ್ತನೆಯ ಹಳೆಯ ಬಾಗಿಲೊಂದರ ಮುಂದೆ ನಿಂತವಳು ಅಲ್ಲಾಡಲಿಲ್ಲ. ನಾನು ಕತ್ತಿ, ಗುರಾಣಿ ಎಲ್ಲ ನೋಡಿ ಮುಗಿಸಿ ಬಂದರೂ ಅವಳು ಇನ್ನೂ ಬಾಗಿಲಿನಲ್ಲೇ ಇದ್ದಳು. ಒಳಗೆ ಹೋಗುವ ದಾರಿ ಅದೇ ಎಂದುಕೊಂಡು ಜನ ಅವಳ ಹಿಂದೆ ಸಾಲು ನಿಂತಿದ್ದರು. ನಿಜವಾದ ಬಾಗಿಲು ಬೇರೆ ಕಡೆ ಇದೆ ಎಂದು ಅವರಿಗೆ ನಾನೇ ಹೇಳಬೇಕಾಯಿತು.

ಅಲ್ಲಿ ನಡೆದ ಅನಾಹುತ ಆಗ ನನಗೆ ಗೊತ್ತಾಗಲಿಲ್ಲ. ಕಾರಿನಲ್ಲಿ ಬಿಟ್ಟುಹೋಗಿದ್ದ ಬುತ್ತಿಯ ಚೀಲದ ಮೇಲೆ ಕಸ್ತೂರಿ ತನ್ನ ಐದು ಲೀಟರಿನ ನೀರಿನ ಕ್ಯಾನ್ ಇಟ್ಟಿದ್ದಳು. ಅವಳು ಎಲ್ಲಿಗೆ ಹೋದರೂ ಮನೆಯ ನೀರನ್ನೇ ಕುಡಿಯುವವಳು.

ಕಿತ್ತೂರಿನಿಂದ ಸವದತ್ತಿಗೆ ಹೋಗಲು ಮತ್ತೆ ಬೈಲಹೊಂಗಲಕ್ಕೇ ಬಂದೆವು. ಅಂಗಡಿಯ ಮುಂದೆ ಹಾಯುವಾಗ ಯಜಮಾನರು ಹೊರಗೆ ಬಂದು, "ಮುಗೀತೇನ ಎಲ್ಲಾ ನೋಡೋದು?" ಎಂದು ಕೇಳಿದರು. ಅವರ ಫೋನು ರಿಂಗಾಗುತ್ತಿತ್ತು. ತೆಗೆದು, "ಬ್ಯಾಡ್ರೀ, ನಮಗ ಸಾಲಾ ಬ್ಯಾಡ" ಎಂದು ಇಟ್ಟರು. ದಿನಾ ಯಾರೋ ಸಾಲ ಕೊಡುತ್ತೇವೆ ಎಂದು ಫೋನ್ ಮಾಡಿ ಅವರ ತಲೆ ತಿನ್ನುತ್ತಾರೆ. ಹೊಸ ನಂಬರ್ ಬಂದರೆ ಅವರು ಇತ್ತೀಚೆಗೆ ಹಲೋ ಅನ್ನುವುದನ್ನೂ ಬಿಟ್ಟಿದ್ದಾರೆ.

ಸವದತ್ತಿಯಲ್ಲಿ ಒಬ್ಬ ನಿವೃತ್ತ ಮಾಸ್ತರರು ತಮ್ಮ ಹಳೆಯ ವಾಡೆಯ ಪಡಸಾಲೆಯನ್ನೇ ಚಿತ್ರಶಾಲೆ ಮಾಡಿದ್ದಾರೆ. ಅವರೇ ಬರೆದ ಭಾವಚಿತ್ರಗಳು, ಸಾಲಾಗಿ, ತಾತ ಮುತ್ತಾತನಿಂದ ಹಿಡಿದು ಮನೆಯ ಎಮ್ಮೆಯವರೆಗೆ. ಅವರು ಚಹಾ ತರಲು ಒಳಗೆ ಹೋದ ಕೂಡಲೇ ಕಸ್ತೂರಿ ಶುರು ಮಾಡಿದಳು.

"ಮುತ್ತಾತನ ಕಣ್ಣ ನೋಡ ಗಿರಿಜಾ. ಒಂದು ದೊಡ್ಡದು, ಒಂದು ಸಣ್ಣದು. ಕಣ್ಣ ಬರೀಲಿಕ್ಕೆ ಬರದಾಂವ ಚಿತ್ರದ ಉಸಾಬರಿಗೇ ಬರಬಾರದು."

"ಸಣ್ಣದಿದ್ರೂ ಕಣ್ಣ ಐತಲ್ಲ" ಎಂದೆ ನಾನು.

"ಇರದೇ ಏನ ಮಾಡ್ತೈತಿ? ಕಣ್ಣಿಲ್ಲದ ಚಿತ್ರ ಎಲ್ಲರೆ ಇರ್ತೈತೇನ?"

ಮಾಸ್ತರರು ತಂದ ಚಹಾವನ್ನು ಗೋಡೆಯ ಕಡೆ ನೋಡದೆ ಕುಡಿದೆ. ಆ ಮುತ್ತಾತ ಮಾತ್ರ ಸಣ್ಣ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ. ಅವನಿಗೆ ಎಲ್ಲ ಗೊತ್ತಿತ್ತು.

ಊರ ಹೊರಗೆ ಬೇವಿನ ಮರದ ನೆರಳಿಗೆ ಊಟಕ್ಕೆ ಕುಳಿತೆವು. ದೂರದಲ್ಲಿ ಮಲಪ್ರಭೆಯ ಹಿನ್ನೀರು ಹೊಳೆಯುತ್ತಿತ್ತು. ಕಸ್ತೂರಿ ಚೀಲ ಬಿಚ್ಚಿ ಚಟ್ನಿಯ ಡಬ್ಬಿ ಹೊರತೆಗೆದಳು. ಕ್ಯಾನಿನ ಭಾರಕ್ಕೆ ಡಬ್ಬಿಯ ಮುಚ್ಚಳ ಹಾರಿತ್ತು. ಟ್ಯೂಬಿನ ಹೊಟ್ಟೆ ಒಡೆದು ಬಣ್ಣವೆಲ್ಲ ಅದರೊಳಗೆ ಇಳಿದಿತ್ತು; ಟ್ಯೂಬು ಮಾತ್ರ ರೊಟ್ಟಿ ಗಂಟಿನ ಕೆಳಗೆ ಸರಿದು ಅವಳಿಗೆ ಕಾಣಲಿಲ್ಲ. ಕೆಂಪಗಿದ್ದ ಶೇಂಗಾ ಚಟ್ನಿ ಕರ್ರಗೆ ಮಿರಿಮಿರಿ ಮಿಂಚುತ್ತಿತ್ತು.

"ಅಯ್ಯ, ಗುರೆಳ್ಳ ಚಟ್ನಿ ಮಾಡಿಯೇನ?" ಕಸ್ತೂರಿಯ ಮುಖ ಅರಳಿತು. "ತಿನ್ನಲಾರದ ಬಾಳ ದಿನಾ ಆಗಿತ್ತು."

ಅವಳು ರೊಟ್ಟಿ ಮುರಿದು, ಚಟ್ನಿ ಬಳಿದುಕೊಂಡು, ಬಾಯಿಯ ಹತ್ತಿರ ಒಯ್ದಳು. ನಾನು ಅವಳ ಕೈಗೆ ಹೊಡೆದೆ. ತುತ್ತು ಹಾರಿ ಕಾರಿನ ಗಾಜಿಗೆ ಅಂಟಿತು.

"ಏನಾತ ನಿನಗ?"

"ಹಳಸೇತಿ ಅದು."

"ಗುರೆಳ್ಳ ಚಟ್ನಿ ತಿಂಗಳ ಇಟ್ರೂ ಹಳಸೂದಿಲ್ಲ."

"ಇದು ಹಳಸೇತಿ ಕಸ್ತೂರಿ. ವಾಸನಿ ನೋಡ."

ಮೂಸಿದಳು. "ಬಣ್ಣದ ವಾಸನಿ ಬರಾಕತ್ತೈತಿ."

"ನಮ್ಮ ಕೈ ಯಾವಾಗ ಆ ವಾಸನಿ ಬಿಟ್ಟಾವು?" ಎಂದು ಹೇಳಿ ಡಬ್ಬಿಯನ್ನು ಮರದ ಬುಡಕ್ಕೆ ಸುರಿದುಬಿಟ್ಟೆ. ಬಹಳ ಹೊತ್ತಾದರೂ ಒಂದು ಇರುವೆ ಕೂಡ ಅತ್ತ ಸುಳಿಯಲಿಲ್ಲ. ನಾವು ರೊಟ್ಟಿಯನ್ನು ಮೊಸರಿನಲ್ಲಿ ಅದ್ದಿಕೊಂಡು ತಿಂದೆವು. ಕಸ್ತೂರಿ ನನ್ನನ್ನು ಓರೆಗಣ್ಣಿನಿಂದ ನೋಡುತ್ತಾ ತಿಂದಳು.

ಕುಂಚ ಉಳಿದಿತ್ತು, ಬಣ್ಣ ಹೋಗಿತ್ತು. ಸವದತ್ತಿಯಲ್ಲಿ ಎಣ್ಣೆಬಣ್ಣ ಎಲ್ಲಿ ಸಿಗುತ್ತದೆಂದು ಕೇಳಿದರೆ ಕಸ್ತೂರಿಗೆ ಅನುಮಾನ ಬರುತ್ತದೆ. ಆಗ ಬಜಾರಿನಲ್ಲಿ ಬಳೆ ಅಂಗಡಿ ಕಂಡಿತು. ತಲೆಯಲ್ಲಿ ಮಿಂಚು ಹೊಡೆಯಿತು. ಕಣ್ಣಿಗೆ ಬೇಕಾದ ಕಪ್ಪು ಅಲ್ಲೇ ಡಬ್ಬಿಯಲ್ಲಿ ತುಂಬಿಟ್ಟಿರುವಾಗ ಬಣ್ಣದ ಅಂಗಡಿ ಯಾಕೆ? ಕಾರು ನಿಲ್ಲಿಸಲು ಹೇಳಿ ಹೋಗಿ ಒಂದು ಡಬ್ಬಿ ಕಾಡಿಗೆ ತಂದೆ.

ಕಸ್ತೂರಿ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. "ಐವತ್ತ ಹತ್ತರ ಬಂತು. ಈಗ ಕಾಡಿಗಿ ಹಚ್ಗೋತಿಯಾ?"

"ನನ್ನ ಚಿತ್ರ ನೋಡಾಕ ಹೊಂಟೇವಲ್ಲ, ಸ್ವಲ್ಪ ನೆಟ್ಟಗ ಕಾಣಬೇಕಲ್ಲ."

"ಚಿತ್ರಾ ನಿನ್ನ ನೋಡತೈತೇನ ಹಂಗಾರ?"

ಅದೇ ಇಲ್ಲವಲ್ಲ ತಾಯಿ, ಎಂದುಕೊಂಡೆ.

ರಾಮದುರ್ಗದ ಚಿತ್ರಶಾಲೆ ಹಳೆಯ ಮನೆಯೊಂದರ ಮಾಳಿಗೆಯ ಮೇಲೆ. ಮೆಟ್ಟಿಲ ಹತ್ತಿರ ಅದರ ಉಸ್ತುವಾರಿ ನೋಡುವ ಗುರುಬಸಪ್ಪನವರು ಎದುರಾದರು. ನಮ್ಮ ಗುರುತು ಅವರಿಗಿಲ್ಲ. "ಮ್ಯಾಲ ಹೋಗಿ ನೋಡ್ರಿ ಅಕ್ಕಾರ. ನಾಕ ಗಂಟೆಕ್ಕ ಕಾರ್ಯಕ್ರಮ ಐತಿ, ನಾ ಬ್ಯಾನರ್, ಹಾರ ತರಾಕ ಹೊಂಟೇನಿ" ಎಂದು ಅವಸರದಲ್ಲಿ ಹೋದರು. ಅಂದರೆ ಮೇಲೆ ಯಾರೂ ಇಲ್ಲ. ದೇವರು ನನ್ನ ಕಡೆ ಇದ್ದಾನೆ.

ಮೆಟ್ಟಿಲು ಅರ್ಧ ಹತ್ತಿದ ಮೇಲೆ ನಿಂತೆ. "ಕಸ್ತೂರಿ, ಕಾರಿನ ಗಾಜು ಏರಿಸಿಯೇನ?"

ಅವಳ ಕಾರಿನ ಎಡಗಡೆಯ ಗಾಜು ಸುಮ್ಮನೆ ಏರುವುದಿಲ್ಲ. ಒಬ್ಬರು ಹಿಡಿಕೆ ತಿರುಗಿಸಬೇಕು, ಒಬ್ಬರು ಎರಡೂ ಕೈಯಿಂದ ಗಾಜನ್ನು ಮೇಲೆ ಎಳೆಯಬೇಕು. ಒಬ್ಬರೇ ಆದರೆ ಕಾಲನ್ನೂ ಬಳಸಬೇಕು. ಕಸ್ತೂರಿ ಗೊಣಗುತ್ತಾ ಕೆಳಗೆ ಇಳಿದಳು.

ನಾನು ಓಡಿದೆ. ದೊಡ್ಡ ಕೋಣೆ, ಸಾಲಾಗಿ ಕುರ್ಚಿ. ಎದುರಿನ ಗೋಡೆಯ ನಟ್ಟನಡುವೆ, ಎಲ್ಲ ಚಿತ್ರಗಳಿಗಿಂತ ಎತ್ತರದ ಜಾಗದಲ್ಲಿ, ಮೇಲೆ ಎರಡು ದೀಪ ಹಾಕಿಸಿಕೊಂಡು ನನ್ನ ಚಿತ್ರ ನಿಂತಿತ್ತು. ಒಂದು ಕ್ಷಣ ಎದೆ ತುಂಬಿ ಬಂತು. ಆಮೇಲೆ ಆ ಆರು ಖಾಲಿ ಜಾಗ ಕಂಡವು. ಸೆರಗು ಸೊಂಟಕ್ಕೆ ಸಿಗಿಸಿ, ಅಲ್ಲೇ ಇದ್ದ ಸ್ಟೂಲಿನ ಮೇಲೆ ಹತ್ತಿ, ಮಾವನನ್ನು ನೆನೆದು, ಕುಂಚವನ್ನು ಕಾಡಿಗೆಗೆ ಅದ್ದಿದೆ.

ಮೊದಲನೆಯ ಎತ್ತು ಚೆನ್ನಾಗಿ ಬಂತು. ಎರಡನೆಯದರ ಕಣ್ಣು ಸ್ವಲ್ಪ ಓರೆಯಾಯಿತು. ಅದು ಒಡತಿಯನ್ನು ಬಿಟ್ಟು ಪಕ್ಕದ ಗೋಡೆಯ ಹೂಕುಂಡದ ಚಿತ್ರವನ್ನು ನೋಡತೊಡಗಿತು. ಇರಲಿ, ಎತ್ತು ಹಸಿರು ಕಂಡರೆ ನೋಡುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಆರತಿಯ ಹೆಂಗಸಿಗೆ ಬರುವ ಹೊತ್ತಿಗೆ ದೀಪದ ಬಿಸಿಗೆ ಕಾಡಿಗೆ ಕರಗಿ ಬೆಣ್ಣೆಯಾಗಿತ್ತು. ಎಡಗಣ್ಣು ಅಗಲವಾಯಿತು. ಅದಕ್ಕೆ ಸರಿಹೊಂದಲಿ ಎಂದು ಬಲಗಣ್ಣು ಅಗಲ ಮಾಡಿದೆ. ಅದು ಹೆಚ್ಚಾಯಿತು, ಮತ್ತೆ ಎಡಗಣ್ಣು. ಕೊನೆಗೆ ನಿಂತು ನೋಡಿದರೆ ಆ ಹೆಂಗಸು ಆರತಿ ಮಾಡುತ್ತಿರಲಿಲ್ಲ, ಎದುರಿಗೆ ಬ್ರೇಕಿಲ್ಲದ ಕಬ್ಬಿನ ಟ್ರಾಲಿ ಬರುವುದನ್ನು ಕಂಡಂತೆ ನಿಂತಿದ್ದಳು.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಸ್ಟೂಲಿನಿಂದ ಹಾರಿ, ಅದನ್ನು ಕಾಲಿನಿಂದ ದೂಡಿ, ಚಿತ್ರಕ್ಕೆ ಬೆನ್ನು ಕೊಟ್ಟು, ಸೆರಗನ್ನು ತಲೆಗಿಂತ ಮೇಲೆ ಎರಡೂ ಕಡೆ ಚಾಚಿ ನಿಂತೆ.

ಗುರುಬಸಪ್ಪನವರು ಬ್ಯಾನರ್, ಹೂವಿನ ಹಾರ ಹಿಡಿದು ಬಂದರು. ಎದುರಿನ ಗೋಡೆಗೆ ಬ್ಯಾನರ್ ಬಿಚ್ಚಿ ಕಟ್ಟಿದರು. ಬ್ಯಾನರಿನ ಮೇಲೆ ನನ್ನದೇ ಚಿತ್ರ. ಕೆಳಗೆ ದೊಡ್ಡ ಅಕ್ಷರದಲ್ಲಿ: "ನೋಡದ ನೋಟ: ಒಂದು ಚಿತ್ರದ ಕುರಿತು ಉಪನ್ಯಾಸ".

"ಏನರಿ ಇದು?" ಎಂದೆ.

"ನಿಮ್ಮ ಹಿಂದ ಐತಲ್ರಿ, ಆ ಚಿತ್ರದ ಮ್ಯಾಲ ಭಾಷಣ ಅಕ್ಕಾರ. ಧಾರವಾಡದಿಂದ ಪ್ರೊಫೆಸರ್ ಬರಾಕತ್ತಾರ, ಸುರೇಬಾನದ ಕಾಲೇಜು ಹುಡುಗೂರು ಬರಾಕತ್ತಾರ. ಕಣ್ಣ ಇಲ್ಲದ ಚಿತ್ರ ನೋಡ್ರಿ ಅದು. ಹಂತಾದ್ದು ಈ ಭಾಗದಾಗ ಇನ್ನೊಂದಿಲ್ಲ ಅಂತ ಪ್ರೊಫೆಸರ್ ಅಂತಾರ."

ನನ್ನ ಬೆನ್ನ ಹಿಂದೆ ಆರು ಕಣ್ಣು ಪಿಳಿಪಿಳಿ ಎನ್ನುತ್ತಿರುವುದು ನನಗೆ ಕೇಳಿಸಿತು.

"ಬರದಾಕಿ ಯಾರ್ರೀ?"

"ಬೈಲಹೊಂಗಲದಾಕಿ. ಬಾಳ ದೊಡ್ಡ ಮಂದಿ ಇರಬೇಕು. ಸತ್ಕಾರ ಮಾಡೂಣಂತ ಹದಿನೈದ ದಿನಾತು ಫೋನ್ ಹಚ್ಚಾಕತ್ತು. ಆಕಿ ಮನಿಯವರು ಎತ್ತೂದ ತಡ, 'ನಮಗ ಸಾಲಾ ಬ್ಯಾಡ' ಅಂತ ಇಟ್ಟಬಿಡ್ತಾರ. ಇವತ್ತೂ ಹಚ್ಚಿದ್ದೆ. ನಾ ಯಾಕ ಸಾಲಾ ಕೊಡ್ಲಿರಿ ಅವರಿಗೆ?" ಅವರು ಹಾರ ತೆಗೆದುಕೊಂಡು ನನ್ನ ಕಡೆ ಬಂದರು. "ಸ್ವಲ್ಪ ಸರೀರಿ, ಚಿತ್ರಕ್ಕ ಹಾರ ಹಾಕತೇನಿ."

"ಈಗ ಹಾಕಬ್ಯಾಡ್ರಿ, ದೀಪದ ಬಿಸಿಗೆ ಬಾಡತೈತಿ. ಪ್ರೊಫೆಸರ್ ಬಂದ ಮ್ಯಾಲ ಹಾಕ್ರಿ."

"ಅದೂ ಖರೇನ ನೋಡ್ರಿ" ಎಂದರು. ಕೆಳಗೆ ಬಸ್ಸಿನ ಹಾರ್ನ್ ಕೇಳಿಸಿತು. ಅವರು ಹಾರವನ್ನು ನನ್ನ ಕೈಗೆ ಕೊಟ್ಟು ಓಡಿದರು. ಅವರು ಇಳಿದ ಮೆಟ್ಟಿಲಲ್ಲೇ ಕಸ್ತೂರಿ ಹತ್ತಿ ಬಂದಳು. ಬ್ಯಾನರ್ ಓದಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ ಚಿತ್ರ ನೋಡಿದಳು. ಮತ್ತೆ ಬ್ಯಾನರ್ ನೋಡಿದಳು. ಅಲ್ಲಿ ಕಣ್ಣಿಲ್ಲ, ಇಲ್ಲಿದೆ. ನನ್ನ ಬೆರಳು ನೋಡಿದಳು, ಕರ್ರಗಿದ್ದವು.

"ಗುರೆಳ್ಳ ಚಟ್ನಿ" ಎಂದಳು ಮೆಲ್ಲಗೆ.

ಎಲ್ಲ ಹೇಳಿದೆ. ಕುಬುಸ, ಗಾಡಿ, ಯಜಮಾನರು, ಟ್ಯೂಬ್, ಕಾಡಿಗೆ. ಕಸ್ತೂರಿ ಕುರ್ಚಿಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಕಣ್ಣಲ್ಲಿ ನೀರು ಬಂತು. ಕೆಳಗೆ ಹುಡುಗರ ಗದ್ದಲ ಹತ್ತಿರವಾಗುತ್ತಿತ್ತು.

"ನಗಬ್ಯಾಡ, ಏನರೆ ಮಾಡ. ನಿನ್ನ ಕಾಲ ಬೀಳತೇನಿ."

"ಕಾಡಿಗಿ ಹೌದಲ್ಲ, ಎಣ್ಣಿ ಹಚ್ಚಿದ್ರ ಹೋಗತೈತಿ."

"ಎಣ್ಣಿ ಎಲ್ಲಿಂದ ತರಲಿ?"

ಪ್ರತಿ ಶನಿವಾರ ತಲೆಗೆ ಕೊಬ್ಬರಿ ಎಣ್ಣೆ ಸುರಿದುಕೊಳ್ಳುವುದು ಕಸ್ತೂರಿಯ ಪದ್ಧತಿ. ಆ ದಿನ ಶನಿವಾರ. ಸೆರಗಿನ ತುದಿಯನ್ನು ತಲೆಯ ಮೇಲೆ ತಿಕ್ಕಿಕೊಂಡಳು, ಸ್ಟೂಲು ಹತ್ತಿದಳು, ಎತ್ತಿನ ಕಣ್ಣು ಒರೆಸಿದಳು. ಹೋಯಿತು. ನಾನೂ ಸೆರಗಿನ ತುದಿಯನ್ನು ಅವಳ ತಲೆಗೆ ತಿಕ್ಕಿ ಇನ್ನೊಂದು ಎತ್ತು ಹಿಡಿದೆ. ಐವತ್ತು ಹತ್ತಿರದ ಇಬ್ಬರು ಹೆಂಗಸರು, ಒಬ್ಬಳ ತಲೆಗೆ ಇನ್ನೊಬ್ಬಳು ಸೆರಗು ತಿಕ್ಕುತ್ತಾ, ಮ್ಯೂಸಿಯಂನಲ್ಲಿ ಎತ್ತಿನ ಮುಖ ಒರೆಸುತ್ತಿರುವ ದೃಶ್ಯವನ್ನು ಯಾರಾದರೂ ಚಿತ್ರ ಬರೆಯಬೇಕಿತ್ತು.

ಒಂದೊಂದಾಗಿ ಎಲ್ಲ ಕಣ್ಣೂ ಹೋದವು. ಆದರೆ ಎಣ್ಣೆಯಲ್ಲಿ ಕರಗಿದ ಕಾಡಿಗೆ ಆ ಹೆಂಗಸಿನ ಎರಡೂ ಕೆನ್ನೆಯ ಮೇಲೆ ಸಣ್ಣಗೆ, ಬೂದುಬಣ್ಣದ ಗೆರೆಯಾಗಿ ಗದ್ದದವರೆಗೆ ಇಳಿದಿತ್ತು. ಅದನ್ನು ಒರೆಸಲು ಕೈ ಎತ್ತಿದೆ. ಅಷ್ಟರಲ್ಲಿ ಕೋಣೆ ತುಂಬ ಜನ.

"ಮುಟ್ಟಬ್ಯಾಡ್ರಿ ಅಕ್ಕಾರ" ಎಂದು ಗುರುಬಸಪ್ಪನವರು ಓಡಿ ಬಂದರು. "ಯಾರ ನೀವು? ಅದು ಎಂಥವರು ಬರೆದಿದ್ದು ಗೊತ್ತೈತೇನು?"

ಕಸ್ತೂರಿ ಸ್ಟೂಲಿನ ಮೇಲೆ ನಿಂತೇ ಹೇಳಿದಳು. "ಗೊತ್ತೈತ್ರಿ. ಇವರ ಬರದಾರ. ತಮ್ಮ ಚಿತ್ರದ ಧೂಳ ತಾವ ಒರಸಾಕತ್ತಾರ. ನೀವಂತೂ ಒರಸಿಲ್ಲ."

ಗುರುಬಸಪ್ಪನವರ ಮುಖ ನೋಡಬೇಕಿತ್ತು. "ಸಾಲಾ ಬ್ಯಾಡ ಅನ್ನಾವರು..."

"ಅವರು ನಮ್ಮ ಯಜಮಾನ್ರು" ಎಂದೆ.

ಆಮೇಲೆ ನಡೆದಿದ್ದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಕಾಲು ನೆಲಕ್ಕೆ ತಾಗುವುದಿಲ್ಲ. ಹಾರ ಚಿತ್ರಕ್ಕೆ ಹೋಗುವ ಬದಲು ನನ್ನ ಕೊರಳಿಗೆ ಬಿತ್ತು. ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಪ್ರೊಫೆಸರ್ ಸಾಹೇಬರು ಚಿತ್ರದ ಹತ್ತಿರ ಹೋಗಿ, ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. ನಾನು ಕಸ್ತೂರಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಈ ಚಿತ್ರವನ್ನು ನಾನು ಎಷ್ಟೋ ಸಲ ನೋಡಿದ್ದೇನೆ" ಎಂದರು ಪ್ರೊಫೆಸರ್. "ಇವತ್ತು ಮೊದಲ ಸಲ ಒಂದು ವಿಷಯ ನನ್ನ ಗಮನಕ್ಕೆ ಬರುತ್ತಿದೆ. ಈ ತಾಯಿಗೆ ಕಣ್ಣಿಲ್ಲ. ಆದರೆ ಕಣ್ಣೀರಿದೆ."

ಹುಡುಗರು ಕತ್ತು ಚಾಚಿದರು. ಕಸ್ತೂರಿ ಕೆಮ್ಮತೊಡಗಿದಳು.

"ಕಣ್ಣಿಲ್ಲದೆ ಅಳುವುದು. ಇದಕ್ಕಿಂತ ದೊಡ್ಡ ಅಳು ಯಾವುದಿದೆ?" ಪ್ರೊಫೆಸರ್ ಅರ್ಧ ತಾಸು ಮಾತಾಡಿದರು. ದುಡಿಮೆ, ಮೌನ, ಮಣ್ಣು, ಹೆಣ್ಣು ಎಲ್ಲ ಬಂದವು. ನನ್ನ ಚಿತ್ರದಲ್ಲಿ ಇಷ್ಟೆಲ್ಲ ಇತ್ತೇ ಎಂದು ನನಗೇ ಆಶ್ಚರ್ಯವಾಗಿ ಒಂದೆರಡು ಸಲ ನಾನೂ ತಲೆದೂಗಿದೆ. ಕೊನೆಗೆ ಅವರು ನನ್ನ ಕಡೆ ತಿರುಗಿದರು. "ಅಮ್ಮಾ, ಕಣ್ಣು ಯಾಕೆ ಬರೆಯಲಿಲ್ಲ ಎನ್ನುವುದನ್ನು ನಿಮ್ಮ ಬಾಯಿಂದಲೇ ಈ ಮಕ್ಕಳು ಕೇಳಲಿ."

ನಾನು ಎದ್ದು ನಿಂತೆ. ಏನಾದರೂ ದೊಡ್ಡ ಮಾತು ಹೇಳಬೇಕೆಂದು ಬಹಳ ಆಸೆಯಾಯಿತು. ಒಂದೂ ಬರಲಿಲ್ಲ. ಬಾಯಿ ತೆರೆದರೆ ಇದ್ದದ್ದೇ ಬಂತು.

"ಏನ ಹೇಳ್ಲಿರಿ ಸರ್. ಸೋಮಾರ ಬರೀಬೇಕಂತ ಬಿಟ್ಟಿದ್ದೆ. ಆಯ್ತಾರ ಮುರಗೋಡಕ್ಕ ಕುಬುಸಕ್ಕ ಹೋದೆ. ಬರೂದ್ರಾಗ ನಮ್ಮ ಯಜಮಾನ್ರು ಗಾಡಿಗೆ ಏರಿಸಿ ಕಳಿಸಿಬಿಟ್ಟಿದ್ರು."

ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಇಡೀ ಕೋಣೆ ನಕ್ಕಿತು, ಚಪ್ಪಾಳೆ ಹೊಡೆಯಿತು.

ಪ್ರೊಫೆಸರ್ ಕಣ್ಣು ಒರೆಸಿಕೊಳ್ಳುತ್ತಾ ಹುಡುಗರಿಗೆ ಹೇಳಿದರು. "ನೋಡಿದಿರಾ? ನಿಜವಾದ ಕಲಾವಿದರು ಹೀಗೇ. ಹಿರಿದನ್ನು ಬರೆಯುತ್ತಾರೆ, ಕೇಳಿದರೆ ಕುಬುಸದ ಮಾತು ಹೇಳಿ ಮುಚ್ಚಿಬಿಡುತ್ತಾರೆ."

"ಖರೇನ ಹೇಳಾಕತ್ತೇನ್ರೀ ಸರ್" ಎಂದೆ. ಚಪ್ಪಾಳೆ ಇನ್ನೂ ಜೋರಾಯಿತು.

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಹುಡುಗಿಯರು ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬಳು, "ಮೇಡಂ, ನಾನೂ ಇನ್ನ ಮ್ಯಾಲ ಕಣ್ಣ ಬರಿಯೂದಿಲ್ಲ" ಎಂದು ಕಾಲು ಮುಟ್ಟಿ ನಮಸ್ಕರಿಸಿದಳು. "ಬರಿಯವ್ವಾ, ನೀನರೆ ಬರಿ" ಎಂದು ಕೈ ಮುಗಿದೆ.

ವಾಪಸು ಬರುವಾಗ ಕಸ್ತೂರಿ ಮೂರನೇ ಗೇರಿನಲ್ಲೇ ಓಡಿಸಿದಳು. ನಾನು ಶಾಲು ಹೊದ್ದುಕೊಂಡೇ ಕುಳಿತಿದ್ದೆ, ಸೆಕೆಯಾಗುತ್ತಿದ್ದರೂ ತೆಗೆಯಲಿಲ್ಲ. ಗಾಜಿನ ಮೇಲೆ ಮಧ್ಯಾಹ್ನ ಹಾರಿದ ಚಟ್ನಿ ಒಣಗಿ ಕರ್ರಗೆ ಅಂಟಿಕೊಂಡಿತ್ತು. ಅದನ್ನು ನೋಡಿ ಅವಳು ಶುರು ಮಾಡಿದಳು.

"ಗಿರಿಜಾ, ಕಣ್ಣೀರು ಯಾರದು?"

"ಚಿತ್ರದ್ದು."

"ಎಣ್ಣಿ ಯಾರದು?"

ಒಂದು ಬಾಳೆಹಣ್ಣು ಸುಲಿದು ಅವಳ ಬಾಯಿಗೆ ಇಟ್ಟೆ.

ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಅವರು ಶಾಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಅಂದ್ರ ಕಣ್ಣ ಇರಲಾರದ್ದ ಚಲೋ ಆತು?"

"ಹೌದ್ರಿ."

"ಕಣ್ಣ ಇರಲಾರದಂಗ ಕಳಿಸಿದಾಂವ ಯಾರು?"

ಮರುದಿನ ಅಂಗಡಿಯಲ್ಲಿ ಯೂರಿಯಾ ಚೀಲದ ಪಕ್ಕ ಅವರು ಆ ಶಾಲು ಹೊದ್ದು ಕುಳಿತಿದ್ದರು. ಬಂದವರಿಗೆಲ್ಲ, ಚಿತ್ರಕಲೆಯಲ್ಲಿ ಯಾವುದನ್ನು ಬಿಡಬೇಕು ಎನ್ನುವುದೇ ಮುಖ್ಯ, ಬರೆಯುವುದು ಆಮೇಲಿನ ಮಾತು ಎಂದು ವಿವರಿಸುತ್ತಿದ್ದರಂತೆ. ಈಗ ಹೊಸ ನಂಬರಿನಿಂದ ಫೋನ್ ಬಂದರೆ ಮೊದಲು, "ಸತ್ಕಾರಕ್ಕೇನ್ರೀ?" ಎಂದು ಕೇಳುತ್ತಾರೆ. ಪಾಪ, ಸಾಲ ಕೊಡುವವರೇ ಗಾಬರಿಯಾಗಿ ಇಡುತ್ತಿದ್ದಾರೆ.

ಇತ್ತ ಕುಂಚ ಬಳಗದಲ್ಲಿ ಕಸ್ತೂರಿ ಚಿತ್ರದ ಫೋಟೋ ಹಾಕಿ ಕೆಳಗೆ ಬರೆದಿದ್ದಳು: "ರಾಮದುರ್ಗದ ಮ್ಯೂಸಿಯಂನಲ್ಲಿ ನಮ್ಮ ಚಿತ್ರ. ಕಣ್ಣೀರು: ಕಸ್ತೂರಿ." ನೂರು ಜನ ಅವಳಿಗೆ ಹೂವು ಕಳಿಸಿದ್ದರು.

ಹೀಗಾಗಿ ನಾನೂ ಮೊನ್ನೆ ಕುಳಿತು ಸಮಾಧಾನದಿಂದ ಪಾಲು ಹಾಕಿದೆ. ಕಣ್ಣು ಇಲ್ಲದಿರುವುದು ಯಜಮಾನರದು. ಕಣ್ಣೀರು ಕಸ್ತೂರಿಯದು. ಹೆಸರು ಮ್ಯೂಸಿಯಂನವರದು. ಅರ್ಥ ಪ್ರೊಫೆಸರ್ ಸಾಹೇಬರದು. ಕಪ್ಪು ಸವದತ್ತಿಯ ಬಳೆ ಅಂಗಡಿಯದು.

ಉಳಿದ ಎರಡು ಎತ್ತು ಮತ್ತು ಒಬ್ಬ ಹೆಂಗಸು ಮಾತ್ರ ಪೂರ್ತಿ ನನ್ನವು. ಅವು ಹೇಗೆ ಬಂದಿವೆ ಎಂದು ಇಲ್ಲಿಯವರೆಗೆ ಯಾರೂ ಒಂದು ಮಾತು ಹೇಳಿಲ್ಲ.